ಹುಕ್ಕಿನಿಂದ ಶುರು ಮಾಡಿ, ಬೋಟಿಗೆ ಆಮೇಲೆ ಬನ್ನಿ

(ಡಾಲಸ್ ಸುತ್ತಮುತ್ತಲಿನ ಕನ್ನಡ ಗೆಳೆಯರ ಕೂಟವೊಂದರಲ್ಲಿ ಬ್ಯಾಸ್ ಮೀನು ಹಿಡಿಯುವುದರ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಂದವರಲ್ಲಿ ಅರ್ಧ ಜನ ಬೋಟ್ ಕೊಳ್ಳುವ ಯೋಚನೆಯಲ್ಲಿದ್ದೀರಿ ಅಂತ ಕೇಳಿದೆ. ಇನ್ನರ್ಧ ಜನ ಆ ಯೋಚನೆಯನ್ನು ಹೇಗಾದರೂ ತಪ್ಪಿಸೋಣ ಅಂತ ಜೊತೆಗೆ ಬಂದವರು. ಇಬ್ಬರಿಗೂ ಅನುಕೂಲ ಆಗುವ ಹಾಗೆ ಮಾತಾಡುತ್ತೇನೆ.

ನಾನು ಹೇಳಬೇಕಾದ್ದು ಒಂದೇ. ದುಡ್ಡನ್ನು ಮೀನಿನ ಬಾಯಿಯ ಕಡೆಯಿಂದ ಖರ್ಚು ಮಾಡುತ್ತಾ ಹಿಂದಕ್ಕೆ ಬನ್ನಿ. ಮೊದಲು ಹುಕ್ ಅಂದರೆ ಗಾಳದ ಕೊಕ್ಕೆ, ಆಮೇಲೆ ಲೈನ್ ಅಂದರೆ ದಾರ, ಆಮೇಲೆ ರಾಡ್ ಅಂದರೆ ಗಾಳದ ಕೋಲು, ಮತ್ತು ದಾರ ಸುತ್ತುವ ರೀಲ್. ಬೋಟ್ ಕೊನೆಗೆ. ನಮ್ಮ ಜನ ಮಾಡುವುದು ಇದರ ಉಲ್ಟಾ. ಮೂವತ್ತು ಸಾವಿರ ಡಾಲರ್ ಸಾಲ ಮಾಡಿ ಬೋಟ್ ತರುತ್ತಾರೆ. ಅದರ ಮೇಲೆ ನಿಂತು, ಎರಡು ವರ್ಷದಿಂದ ಗರಾಜಿನ ಬಿಸಿಲಲ್ಲಿ ಬೆಂದ ಲೈನ್‌ಗೆ ತುಕ್ಕು ಹಿಡಿದ ಹುಕ್ ಕಟ್ಟುತ್ತಾರೆ. ಮೀನು ಬರಲಿಲ್ಲ ಅಂತ ಮತ್ತೆ ಹೊಸ ಸೋನಾರ್, ಅಂದರೆ ನೀರಿನೊಳಗಿನದ್ದನ್ನು ಪರದೆಯಲ್ಲಿ ತೋರಿಸುವ ಯಂತ್ರ, ತರುತ್ತಾರೆ.

ಲಾರ್ಜ್‌ಮೌತ್ ಅನ್ನುವ ದೊಡ್ಡ ಬಾಯಿಯ ಬ್ಯಾಸ್‌ನ ವಿಶ್ವದಾಖಲೆ ಯಾರದ್ದು ಗೊತ್ತಾ? ಜಾರ್ಜ್ ಪೆರಿ ಅಂತ, ಜಾರ್ಜಿಯಾ ರಾಜ್ಯದ ಒಬ್ಬ ಬಡ ರೈತ ಹುಡುಗ. 1932ರ ಜೂನ್ 2ರಂದು ಮಾಂಟ್‌ಗೊಮರಿ ಲೇಕ್‌ನಲ್ಲಿ 22 ಪೌಂಡ್ 4 ಔನ್ಸ್ ತೂಕದ ಮೀನು ಹಿಡಿದ. ಅಂದರೆ ಹತ್ತು ಕಿಲೋಗಿಂತ ಸ್ವಲ್ಪ ಜಾಸ್ತಿ. ಅವನಿಗೂ ಅವನ ಗೆಳೆಯನಿಗೂ ಸೇರಿ ಇದ್ದದ್ದು ಒಂದೇ ರಾಡ್. ಮೀನನ್ನು ತೂಗಿಸಿ, ಮನೆಗೆ ಒಯ್ದು ಅಡುಗೆ ಮಾಡಿ ತಿಂದರು. 2009ರ ಜುಲೈನಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅನ್ನುವವರು ಒಂದು ಔನ್ಸಿಗಿಂತ ಕಡಿಮೆ ಅಂತರದಲ್ಲಿ ಅದನ್ನು ದಾಟಿದರು. ಆದರೆ ದಾಖಲೆ ಮುರಿಯಬೇಕಾದರೆ ಕನಿಷ್ಠ ಎರಡು ಔನ್ಸ್ ಜಾಸ್ತಿ ಇರಬೇಕು ಅನ್ನುವುದು ನಿಯಮ. ಹಾಗಾಗಿ ಇಬ್ಬರದ್ದೂ ಸರಿಸಮ ಅಂತ ಬರೆದುಕೊಂಡಿದ್ದಾರೆ.

ಈಗ ಮೀನಿನ ಸ್ವಭಾವ ಎರಡು ಮಾತಿನಲ್ಲಿ. ಬ್ಯಾಸ್ ಹೊಂಚು ಹಾಕಿ ಹಿಡಿಯುವ ಮೀನು. ಮರದ ಬುಡ, ಹುಲ್ಲಿನ ಅಂಚು, ಬೋಟ್ ಕಟ್ಟುವ ಡಾಕ್‌ನ ನೆರಳು, ಇಂಥ ಕಡೆ ಮರೆಯಲ್ಲಿ ನಿಂತಿರುತ್ತದೆ. ಎದುರಿಗೆ ಬಂದದ್ದನ್ನು ದೊಡ್ಡ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಇಷ್ಟ ಆಗದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ಆ ಒಳಗೆಳೆದು ಉಗುಳುವ ಮಧ್ಯದ ಹೊತ್ತಿನಲ್ಲೇ ನಮ್ಮ ಕೆಲಸ ಆಗಬೇಕು. ಅದಕ್ಕೇ ಹುಕ್ ಚೂಪಾಗಿರಬೇಕು ಅನ್ನುವುದು. ಹುಕ್ಕಿನ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿಕೊಂಡರೆ ಸರಿ. ಜಾರಿದರೆ ಬಿಸಾಕಿ. ಒಂದು ಪ್ಯಾಕೆಟ್ ಹುಕ್ಕಿಗೆ ಎಷ್ಟು ಅಂತೀರಿ? ಒಂದು ಬರ್ಗರ್‌ಗಿಂತ ಕಡಿಮೆ.

ಲೂರ್‌ಗಳ, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಆಹಾರದ ವಿಷಯಕ್ಕೆ ಬಂದರೆ ಅಂಗಡಿಯ ಗೋಡೆ ತುಂಬ ನೇತುಹಾಕಿರುತ್ತಾರೆ. ಸ್ಪಿನ್ನರ್‌ಬೇಟ್, ಕ್ರ್ಯಾಂಕ್‌ಬೇಟ್, ಜಿಗ್, ಕಪ್ಪೆ, ಒಂದಾ ಎರಡಾ. ಮೊದಲ ವರ್ಷ ಅವನ್ನೆಲ್ಲ ನೋಡಿ, ಫೋಟೊ ತೆಗೆದುಕೊಂಡು ವಾಪಸ್ ಬನ್ನಿ. ತರಬೇಕಾದ್ದು ರಬ್ಬರ್ ಹುಳು. ಇದರ ಕಥೆ ಚೆನ್ನಾಗಿದೆ. ನಿಕ್ ಕ್ರೀಮ್ ಅನ್ನುವವರು ಒಹಾಯೋದ ಆಕ್ರನ್‌ನಲ್ಲಿ, 1949ರ ಸುಮಾರಿಗೆ, ಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕಾಯಿಸಿ ಮೊದಲ ಹುಳು ಎರಕ ಹೊಯ್ದರು. ಆಮೇಲೆ ಅವರ ಕಂಪನಿ ಬಂದು ನೆಲೆಯಾದದ್ದು ನಮ್ಮ ಟೆಕ್ಸಾಸಿನ ಟೈಲರ್‌ನಲ್ಲಿ. ದೊಡ್ಡ ಬ್ಯಾಸ್‌ಗೆ ಹೆಸರಾದ ಲೇಕ್ ಫೋರ್ಕ್ ಕೆರೆಗೆ ಅಲ್ಲಿಂದ ಒಂದು ಗಂಟೆಯ ದಾರಿಯೂ ಇಲ್ಲ.

ಈ ಹುಳುವನ್ನು ಕಟ್ಟುವ ರೀತಿಗೆ ಟೆಕ್ಸಾಸ್ ರಿಗ್ ಅಂತ ಹೆಸರು. ಇದನ್ನು ಸ್ವಲ್ಪ ನಿಧಾನವಾಗಿ ತೋರಿಸುತ್ತೇನೆ, ಕೈ ನೋಡಿಕೊಳ್ಳಿ. ಮೊದಲು ಗುಂಡಿನ ಆಕಾರದ ಸೀಸದ ವೆಯ್ಟನ್ನು ಲೈನ್‌ಗೆ ಪೋಣಿಸಿ, ಚೂಪು ಮೂತಿ ರಾಡ್ ಕಡೆಗೆ ಇರಲಿ. ಕಾಲು ಔನ್ಸ್ ಇದ್ದರೆ ಹೆಚ್ಚಿನ ಕಡೆಗೆ ಸಾಕು. ಆಮೇಲೆ ಕುತ್ತಿಗೆಯ ಹತ್ತಿರ ಬಾಗಿರುವ 3/0 ಅಳತೆಯ ಆಫ್‌ಸೆಟ್ ಹುಕ್ ಕಟ್ಟಿ. ಹುಕ್ಕಿನ ಮೊನೆಯನ್ನು ಹುಳುವಿನ ತಲೆಯ ನಟ್ಟನಡುವೆ ಕಾಲು ಇಂಚು ತೂರಿಸಿ, ಪಕ್ಕದಿಂದ ಹೊರಗೆ ತೆಗೆಯಿರಿ. ಹುಳುವನ್ನು ಮೇಲಕ್ಕೆ ಜಾರಿಸಿ, ಹುಕ್ಕಿನ ಬಾಗಿದ ಕುತ್ತಿಗೆ ತಲೆಯೊಳಗೆ ಕೂರುವ ಹಾಗೆ ಮಾಡಿ. ಈಗ ಹುಕ್ಕನ್ನು ಅರ್ಧ ಸುತ್ತು ತಿರುಗಿಸಿ. ಹುಳುವನ್ನು ನೇರ ನೇತಾಡಲು ಬಿಟ್ಟು, ಹುಕ್ಕಿನ ಬಾಗು ಎಲ್ಲಿಗೆ ಬರುತ್ತದೆ ನೋಡಿ, ಅಲ್ಲೇ ಮೊನೆಯನ್ನು ಚುಚ್ಚಿ. ಮೊನೆ ಆ ಕಡೆಯ ಚರ್ಮದ ಕೆಳಗೇ ಅಡಗಿರಲಿ. ಹುಳು ಸ್ವಲ್ಪ ಸೊಟ್ಟಗಿದ್ದರೂ ಬಿಚ್ಚಿ ಮತ್ತೆ ಮಾಡಿ. ಸೊಟ್ಟ ಹುಳು ನೀರಿನಲ್ಲಿ ಗಿರಗಿರ ತಿರುಗುತ್ತದೆ, ಲೈನ್ ಹುರಿಗೊಳ್ಳುತ್ತದೆ, ಮೀನೂ ಹತ್ತಿರ ಬರುವುದಿಲ್ಲ.

ಇದರ ಲಾಭ ಏನೆಂದರೆ ಮೊನೆ ಮರೆಯಾಗಿರುವುದರಿಂದ ಹುಲ್ಲು, ಕೊಂಬೆಗಳಿಗೆ ಸಿಕ್ಕಿಕೊಳ್ಳುವುದು ತೀರಾ ಕಡಿಮೆ. ಮೀನು ಇರುವುದೇ ಅಂಥ ಕಡೆ ಅಲ್ವಾ?

ಎಸೆದ ಮೇಲೆ ಸುಮ್ನೆ ಸುತ್ತಬೇಡಿ. ಹುಳು ತಾನಾಗಿ ಇಳಿಯಲಿ. ಹೆಚ್ಚಿನ ಮೀನು ಕಚ್ಚುವುದು ಇಳಿಯುವಾಗಲೇ. ಲೈನ್ ತೀರಾ ಬಿಗಿ ಬೇಡ, ತೀರಾ ಸಡಿಲ ಬೇಡ. ಕಣ್ಣು ಲೈನ್ ನೀರಿಗೆ ಇಳಿಯುವ ಜಾಗದ ಮೇಲಿರಲಿ. ತಳ ಮುಟ್ಟಿದ ಮೇಲೆ ರಾಡಿನ ತುದಿಯನ್ನು ಗಡಿಯಾರದ ಹತ್ತರಿಂದ ಹನ್ನೆರಡಕ್ಕೆ ಎತ್ತಿ, ಮತ್ತೆ ಇಳಿಯಲು ಬಿಡಿ, ಸಡಿಲವಾದಷ್ಟು ಸುತ್ತಿಕೊಳ್ಳಿ. ‘ಟಕ್’ ಅಂತ ಒಂದು ಸಣ್ಣ ಬಡಿತ ಕೈಗೆ ತಾಗುತ್ತದೆ. ಕೆಲವು ಸಲ ಅದೂ ಇಲ್ಲ, ಲೈನ್ ಸುಮ್ಮನೆ ಪಕ್ಕಕ್ಕೆ ನಡೆಯಲು ಶುರು ಮಾಡುತ್ತದೆ. ಆಗ ರಾಡ್ ಕೆಳಗಿಳಿಸಿ, ಸಡಿಲ ಸುತ್ತಿ, ಜೋರಾಗಿ ಎತ್ತಿ ಹೊಡೆಯಿರಿ. ಕಪ್ಪೆ ಲೂರ್ ಹಾಕಿದ್ದರೆ ಮಾತ್ರ ಇದಕ್ಕೆ ತದ್ವಿರುದ್ಧ. ನೀರು ಸಿಡಿದ ಕೂಡಲೇ ಎಳೆದರೆ ಕಪ್ಪೆ ನಿಮ್ಮ ಮುಖಕ್ಕೆ ಬರುತ್ತದೆ. ಮೀನಿನ ಭಾರ ಕೈಗೆ ಸಿಗುವವರೆಗೆ ತಡೆಯಿರಿ. ಊರಿನ ಕೆರೆಗಳಲ್ಲಿ ಮರಲ್ ಮೀನಿಗೆ ಕಪ್ಪೆ ಹಾಕಿ ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಒಂದು ಸಣ್ಣ ವಿಷಯ, ಮರೆಯುವ ಮುಂಚೆ. ಬೇರೆ ಬೇರೆ ಕಂಪನಿಯ ರಬ್ಬರ್ ಹುಳುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಕೆಲವು ಜಾತಿಯ ಪ್ಲಾಸ್ಟಿಕ್ ಒಂದಕ್ಕೊಂದು ತಾಗಿದರೆ ಕರಗಿ ಅಂಟಾಗಿಬಿಡುತ್ತದೆ. ಅವು ಬಂದ ಪ್ಯಾಕೆಟ್ಟಿನಲ್ಲೇ ಇರಲಿ.

ಲೈನ್ ಮೂರು ಬಗೆ. ಮೋನೊ ಅಗ್ಗ, ಎಳೆದರೆ ಹಿಗ್ಗುತ್ತದೆ, ನೀರಿನಲ್ಲಿ ಮುಳುಗುವುದು ನಿಧಾನ. ಮೇಲ್ಮೈಯಲ್ಲಿ ಓಡುವ ಲೂರ್‌ಗಳಿಗೆ ಒಳ್ಳೆಯದು. ಫ್ಲೋರೊಕಾರ್ಬನ್ ಮುಳುಗುತ್ತದೆ, ನೀರಿನೊಳಗೆ ಕಣ್ಣಿಗೆ ಬೀಳುವುದು ಕಡಿಮೆ, ಉಜ್ಜಿದರೂ ತಡೆಯುತ್ತದೆ. ಟೆಕ್ಸಾಸ್ ರಿಗ್‌ಗೆ 15 ಪೌಂಡ್ ಭಾರ ತಡೆಯುವ ಫ್ಲೋರೊಕಾರ್ಬನ್ ಹಾಕಿ, ಕಣ್ಣು ಮುಚ್ಚಿಕೊಂಡು. ಬ್ರೇಡ್ ಅಂದರೆ ಹೆಣೆದ ದಾರ, ಹಿಗ್ಗುವುದೇ ಇಲ್ಲ. ದಟ್ಟ ಹುಲ್ಲಿನ ಮೇಲೆ ಕಪ್ಪೆ ಓಡಿಸಲು 50 ಪೌಂಡಿನ ಬ್ರೇಡ್ ಬಿಟ್ಟರೆ ಬೇರೆ ಇಲ್ಲ. ರಾಡಿನ ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲ್‌ಗೆ ತೆಳು ಬ್ರೇಡ್ ಸುತ್ತಿ, ತುದಿಗೆ ಏಳೆಂಟು ಅಡಿ ಫ್ಲೋರೊಕಾರ್ಬನ್ ಲೀಡರ್ ಕಟ್ಟುವುದು ಈಗಿನ ರೂಢಿ.

ಗಂಟು ಒಂದೇ ಕಲಿಯಿರಿ, ಪಾಲೊಮಾರ್. ಲೈನನ್ನು ಜೋಡಿ ಮಾಡಿ ಹುಕ್ಕಿನ ಕಣ್ಣಲ್ಲಿ ತೂರಿಸಿ, ಒಂದು ಸಾದಾ ಗಂಟು ಸಡಿಲವಾಗಿ ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಹುಕ್ಕನ್ನು ದಾಟಿಸಿ, ಎಂಜಲು ಹಚ್ಚಿ ಎಳೆಯಿರಿ. ನಗಬೇಡಿ, ಎಂಜಲು ಮುಖ್ಯ. ಒಣಗಿದ ಲೈನ್ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಪ್ರತಿ ಮೀನಿನ ನಂತರ ತುದಿಯ ಮೂರಡಿ ಲೈನನ್ನು ಬೆರಳುಗಳ ನಡುವೆ ಎಳೆದು ನೋಡಿ. ಒರಟು ಸಿಕ್ಕಿದರೆ ಕತ್ತರಿಸಿ ಮತ್ತೆ ಕಟ್ಟಿ. ಲೇಕ್ ಫೋರ್ಕ್‌ನಂಥ ಕಡೆ ಇದು ತಪ್ಪಿಸುವ ಹಾಗೇ ಇಲ್ಲ. 1980ರಲ್ಲಿ ಅಲ್ಲಿ ಅಣೆಕಟ್ಟು ಮುಗಿದಾಗ ಮರಗಳನ್ನು ಬಹುಪಾಲು ಕಡಿಯದೆ ಹಾಗೇ ನೀರು ತುಂಬಿಸಿದರು. ಸುಮಾರು 27,000 ಎಕರೆ ನೀರಿನೊಳಗೆ ಒಂದು ಸತ್ತ ಕಾಡೇ ನಿಂತಿದೆ. ಟೆಕ್ಸಾಸಿನ ದಾಖಲೆಯ ಬ್ಯಾಸ್, 18.18 ಪೌಂಡಿನದ್ದು, 1992ರ ಜನವರಿಯಲ್ಲಿ ಬಂದದ್ದು ಅಲ್ಲಿಂದಲೇ.

ರಾಡ್ ಕೊಳ್ಳುವಾಗ ಹಿಡಿಯ ಮೇಲ್ಗಡೆ ಬರೆದಿರುವ ಸಣ್ಣ ಅಕ್ಷರ ಓದಿ. ಉದ್ದ, ಪವರ್, ಆ್ಯಕ್ಷನ್, ಎಷ್ಟು ಪೌಂಡಿನ ಲೈನ್, ಎಷ್ಟು ಔನ್ಸಿನ ಲೂರ್, ಎಲ್ಲ ಅಲ್ಲೇ ಇರುತ್ತದೆ. ಪವರ್ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು. ಆ್ಯಕ್ಷನ್ ಅಂದರೆ ಎಲ್ಲಿಂದ ಬಗ್ಗುತ್ತದೆ ಅನ್ನುವುದು. ಏಳು ಅಡಿಯ ಮೀಡಿಯಂ ಹೆವಿ, ಫಾಸ್ಟ್ ಆ್ಯಕ್ಷನ್ (ತುದಿಯ ಕಡೆ ಮಾತ್ರ ಬಗ್ಗುವ) ರಾಡ್ ಒಂದಿದ್ದರೆ ಟೆಕ್ಸಾಸ್ ರಿಗ್, ಜಿಗ್, ಸ್ಪಿನ್ನರ್‌ಬೇಟ್ ಮೂರೂ ನಡೆಯುತ್ತದೆ. ಜೊತೆಗೆ ಒಂದು ಮೀಡಿಯಂ ಸ್ಪಿನ್ನಿಂಗ್ ರಾಡ್, ಹಗುರ ಲೂರ್‌ಗಳಿಗೆ. ಎರಡೇ ಸಾಕು. ಹತ್ತು ರಾಡ್ ಇಟ್ಟುಕೊಂಡವರ ಬೋಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬಳಸುವುದು ಮಾತ್ರ ಅದೇ ಎರಡು.

ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟರ್ ರೀಲ್ ಅಂದರೆ ಎಲ್ಲರಿಗೂ ಭಯ. ಎಸೆದ ಕೂಡಲೇ ಲೈನ್ ಸಿಕ್ಕುಸಿಕ್ಕಾಗಿ ಗುಡ್ಡೆ ಬೀಳುತ್ತದೆ. ಅದಕ್ಕೆ ಕಾರಣ ಸರಳ. ಲೂರ್ ಗಾಳಿಯಲ್ಲಿ ನಿಧಾನ ಆಗುತ್ತದೆ, ಲೈನ್ ಸುತ್ತಿದ ಸ್ಪೂಲ್ ಅದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಹೊರಗೆ ಹೋಗಲು ಜಾಗ ಇಲ್ಲದ ಲೈನ್ ಒಳಗೇ ಉಬ್ಬುತ್ತದೆ. ಹಾಗಾಗಿ ಮೊದಲು ಹಿಡಿಕೆಯ ಪಕ್ಕದ ಟೆನ್ಷನ್ ತಿರುಪನ್ನು ಸರಿ ಮಾಡಿ. ಬಟನ್ ಒತ್ತಿದಾಗ ಲೂರ್ ನಿಧಾನಕ್ಕೆ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ರೀಲಿನ ಇನ್ನೊಂದು ಪಕ್ಕದ ಬ್ರೇಕನ್ನು ಜಾಸ್ತಿಗೆ ಇಟ್ಟು ಶುರು ಮಾಡಿ, ಕೈ ಪಳಗಿದ ಹಾಗೆ ಕಡಿಮೆ ಮಾಡಿ. ಲೂರ್ ನೀರಿಗೆ ಬೀಳುವ ಮುನ್ನ ಹೆಬ್ಬೆರಳು ಸ್ಪೂಲ್ ಮೇಲೆ ಕೂರಲಿ. ಎದುರುಗಾಳಿಗೆ ಎಸೆಯುವಾಗ ಬ್ರೇಕ್ ಮತ್ತೆ ಏರಿಸಿ. ಹಿತ್ತಲಲ್ಲಿ ಹುಕ್ ಇಲ್ಲದ ತೂಕ ಕಟ್ಟಿ ಅಭ್ಯಾಸ ಮಾಡಿದರೆ ಪಕ್ಕದ ಮನೆಯವರಿಗೂ ಮನರಂಜನೆ. ಸಿಕ್ಕು ಬಿದ್ದರೆ ಕಿತ್ತಾಡಬೇಡಿ. ಹೆಬ್ಬೆರಳಿನಿಂದ ಸ್ಪೂಲನ್ನು ಗಟ್ಟಿಯಾಗಿ ಒತ್ತಿ, ಹಿಡಿಕೆಯನ್ನು ಒಂದೆರಡು ಸುತ್ತು ತಿರುಗಿಸಿ, ಆಮೇಲೆ ಎಳೆಯಿರಿ. ಬಹಳ ಸಲ ಬಿಚ್ಚಿಕೊಳ್ಳುತ್ತದೆ.

ಒಬ್ಬರು ಕೇಳಿದರು, ‘ಯಾವ ಕಾಲದಲ್ಲಿ ಹೋಗಬೇಕು ಸಾರ್?’ ನಮ್ಮ ಕಡೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಸುಗ್ಗಿ. ನೀರು ಸುಮಾರು 60 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದ್ದ ಹಾಗೆ ಮೀನು ಮೊಟ್ಟೆಯಿಡಲು ದಡದ ಕಡೆಗೆ ಬರುತ್ತದೆ. ಗೂಡು ಕಾಯುವುದು ಗಂಡು. ಬೇಸಿಗೆಯಲ್ಲಿ ಬೆಳಗಿನ ಜಾವ ಇಲ್ಲವೇ ಸಂಜೆ ಹೋಗಿ. ಮಧ್ಯಾಹ್ನ ಮೀನು ಆಳಕ್ಕೆ ಇಳಿಯುತ್ತದೆ, ಆದರೆ ತೀರಾ ತಳಕ್ಕಲ್ಲ. ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಅಂತ ಕೆರೆ ಎರಡು ಪದರ ಆಗುತ್ತದೆ. ಕೆಳಗಿನ ಪದರದಲ್ಲಿ ಆಮ್ಲಜನಕ ತೀರಾ ಕಡಿಮೆ. ಸೋನಾರ್ ಪರದೆಯಲ್ಲಿ ಆ ಗಡಿ ಒಂದು ಮಸುಕು ಗೆರೆಯಾಗಿ ಕಾಣುತ್ತದೆ. ಅದರ ಕೆಳಗೆ ಹುಳು ಇಳಿಸುವುದು ದಂಡ.

ಈಗ ಬೋಟ್. ಅದಕ್ಕೇ ಕಾಯುತ್ತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ.

ಮೊದಲ ಬೋಟ್ ಹಳೆಯದೇ ಇರಲಿ. ಹದಿನಾರು, ಹದಿನೇಳು ಅಡಿಯ ಅಲ್ಯೂಮಿನಿಯಂ ಬೋಟ್ ಚೆನ್ನಾಗಿರುತ್ತದೆ. ಹಳೆಯದನ್ನು ನೋಡಲು ಹೋದಾಗ ಪೇಂಟ್, ಸೀಟು ನೋಡಿ ಮರುಳಾಗಬೇಡಿ. ಹಿಂದೆ ಹೋಗಿ ಎಂಜಿನ್‌ನ ಕೆಳಭಾಗವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಎಂಜಿನ್ ಕೂತಿರುವ ಹಿಂದಿನ ಗೋಡೆ, ಟ್ರಾನ್ಸಮ್ ಅಂತಾರೆ, ಅದು ಬಾಗಿದರೆ ಅಥವಾ ಕಿರ್ರೆಂದರೆ ಒಳಗಿನ ಮರ ಕೊಳೆತಿದೆ. ಕೈ ಮುಗಿದು ಹೊರಡಿ. ಕೆಳಗಿನ ಗೇರ್ ಆಯಿಲ್ ತಿರುಪು ಸ್ವಲ್ಪ ಸಡಿಲಿಸಿ ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಟ್ರೇಲರ್‌ನ ಟೈರು, ಬೇರಿಂಗ್ ನೋಡಲು ಯಾರಿಗೂ ನೆನಪಾಗುವುದಿಲ್ಲ. ಜುಲೈ ಬಿಸಿಲಲ್ಲಿ ಹೈವೇ ಪಕ್ಕ ನಿಂತಾಗ ನೆನಪಾಗುತ್ತದೆ.

ಬೋಟಿನ ಮುಂಭಾಗದ ಟ್ರೋಲಿಂಗ್ ಮೋಟರ್, ಅಂದರೆ ಸದ್ದಿಲ್ಲದೆ ನಿಧಾನಕ್ಕೆ ಓಡಿಸುವ ಬ್ಯಾಟರಿ ಮೋಟರ್, ಇದಕ್ಕೆ ದುಡ್ಡು ಹಾಕಿ. ಲೆಕ್ಕ ಹೀಗೆ: ಜನ, ಸಾಮಾನು ಸೇರಿ ಬೋಟಿನ ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್ ಥ್ರಸ್ಟ್, ಅಂದರೆ ಮೋಟರ್ ತಳ್ಳುವ ಬಲ. 2,000 ಪೌಂಡಿನ ಬೋಟಿಗೆ 40 ಅಂತಾಯಿತು. ಆದರೆ ಟೆಕ್ಸಾಸ್ ಗಾಳಿ ಆ ಲೆಕ್ಕ ಕೇಳುವುದಿಲ್ಲ. 12 ವೋಲ್ಟಿನ 55 ಪೌಂಡ್ ಮೋಟರ್ ಸಾಲದೆ ಹೋಗಬಹುದು. ಕೈಲಾದರೆ 24 ವೋಲ್ಟಿನ 80ಕ್ಕೆ ಹೋಗಿ. ಜಿಪಿಎಸ್ ನೋಡಿಕೊಂಡು ಒಂದೇ ಜಾಗದಲ್ಲಿ ನಿಲ್ಲಿಸುವ ಸೌಲಭ್ಯ ಇದ್ದರೆ ಅದಕ್ಕೆ ಜಾಸ್ತಿ ಕೊಡುವುದು ದಂಡ ಅಲ್ಲ. ಕಾಲು ಮೋಟರ್ ಮೇಲೆ, ಕೈ ರಾಡ್ ಮೇಲೆ ಅನ್ನುವ ಕಸರತ್ತು ತಪ್ಪುತ್ತದೆ.

ಬ್ಯಾಟರಿ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದೊಡ್ಡ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಟ್ರೋಲಿಂಗ್ ಮೋಟರ್ ಬ್ಯಾಟರಿ ಬೇರೆ. ಎರಡನ್ನೂ ಒಂದಕ್ಕೇ ಸಿಕ್ಕಿಸಿದರೆ ಸಂಜೆ ಕೆರೆಯ ನಡುವೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಲೆಡ್ ಆ್ಯಸಿಡ್ ಡೀಪ್ ಸೈಕಲ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಲಿಥಿಯಂ ತೂಕದಲ್ಲಿ ಅದರ ಅರ್ಧವೂ ಇರುವುದಿಲ್ಲ, ಪೂರ್ತಿ ಬಳಸಬಹುದು, ಬೆಲೆ ಜಾಸ್ತಿ. ಆದರೆ ಚಾರ್ಜರ್ ಲಿಥಿಯಂಗೆ ಹೊಂದುವುದೇ ಇರಬೇಕು. ಮೋಟರ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಸರ್ಕಿಟ್ ಬ್ರೇಕರ್ ಹಾಕಿಸಿ. ತೆಳು ವೈರ್ ಹಾಕಿ ಉಳಿಸುವ ಇಪ್ಪತ್ತು ಡಾಲರ್ ಇಡೀ ಬೋಟನ್ನೇ ಸುಟ್ಟೀತು.

ಸೋನಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳಿಂಚಿನ ಪರದೆ, ಒಳಗೆ ಕೆರೆಯ ನಕ್ಷೆ ಇದ್ದರೆ ಸಾಕು. 2018ರಲ್ಲಿ ಗಾರ್ಮಿನ್ ಕಂಪನಿ ಲೈವ್‌ಸ್ಕೋಪ್ ತಂದ ಮೇಲೆ ಬೋಟಿನ ಎದುರಿಗಿರುವ ಮೀನು ಈಜುವುದನ್ನು, ನಮ್ಮ ಲೂರ್ ಅದರ ಹತ್ತಿರ ಇಳಿಯುವುದನ್ನು ಆ ಕ್ಷಣಕ್ಕೇ ನೋಡುವ ಹಾಗಾಗಿದೆ. ಇದು ಆಟವೇ ಅಲ್ಲ ಅಂತ ಕೆಲವರು, ಇದೇ ಹೊಸ ಆಟ ಅಂತ ಕೆಲವರು. ದೊಡ್ಡ ಟೂರ್ನಮೆಂಟ್‌ಗಳಲ್ಲೇ ಇದಕ್ಕೆ ಮಿತಿ ಹಾಕಿದ್ದಾರೆ. ನನ್ನ ಪ್ರಕಾರ ಲೈನಿನ ಚಲನೆ ಓದಲು ಬಾರದವರಿಗೆ ಪರದೆ ಓದಿ ಉಪಯೋಗ ಇಲ್ಲ.

ತಪ್ಪಿಸಬಾರದ್ದು ಸುರಕ್ಷತೆ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಂಡಿರಬೇಕು. 2021ರ ಏಪ್ರಿಲ್‌ನಿಂದ 26 ಅಡಿಗಿಂತ ಸಣ್ಣ ಬೋಟುಗಳಿಗೆ ಇದು ಅಮೆರಿಕದ ಕೇಂದ್ರ ಕಾನೂನು. ಓಡಿಸುವವರು ನೀರಿಗೆ ಬಿದ್ದರೆ ಬೋಟ್ ಮುಂದಕ್ಕೆ ಹೋಗಿ ಬಿಡುವುದಿಲ್ಲ. ಸುತ್ತು ಹೊಡೆದು ಅವರ ಮೇಲೆಯೇ ಬರಬಹುದು, ಪ್ರೊಪೆಲರ್ ತಿರುಗಿಸುತ್ತಾ. ಟೆಕ್ಸಾಸಿನಲ್ಲಿ ಬೋಟ್ ಓಡುತ್ತಿರುವಾಗ 13 ವರ್ಷದ ಒಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿರಲೇಬೇಕು. ದೊಡ್ಡವರೂ ಹಾಕಿ, ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ ಹೇಳಿ? ಲೇಕ್ ಫೋರ್ಕ್‌ನಲ್ಲಿ ತೇಲುವ ಬುರುಡೆಗಳಿಂದ ಗುರುತು ಮಾಡಿದ ದಾರಿ ಬಿಟ್ಟು ವೇಗವಾಗಿ ಹೋಗಬೇಡಿ, ಮರದ ಬೊಡ್ಡೆ ನೀರಿನ ಕೆಳಗೆ ಅರ್ಧ ಅಡಿಯಲ್ಲೇ ಇರಬಹುದು. ಗುಡುಗಿದರೆ ದಡ ಸೇರಿ, ಗ್ರಾಫೈಟ್ ರಾಡ್ ಮಿಂಚಿಗೆ ದಾರಿ. ನೀರಿಗಿಳಿಸುವ ಮುಂಚೆ ಡ್ರೇನ್ ಪ್ಲಗ್, ಅಂದರೆ ಬೋಟಿನ ನೀರು ಬಸಿಯುವ ತೂತಿನ ಬಿರಡೆ, ಹಾಕಿ. ಹೊರಟಾಗ ಅದನ್ನು ತೆಗೆದು ಬೋಟಿನ ನೀರನ್ನೆಲ್ಲ ಅಲ್ಲೇ ಬಸಿಯಿರಿ. ಜೀಬ್ರಾ ಮಸೆಲ್ ಅನ್ನುವ ಸಣ್ಣ ಚಿಪ್ಪುಹುಳ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದನ್ನು ತಡೆಯಲು ಇದೂ ಕಾನೂನೇ.

‘ಹಿಡಿದ ಮೀನು ತಿನ್ನಬಹುದಾ?’ ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ತಿನ್ನಬಹುದು. ಸಾಮಾನ್ಯ ನಿಯಮದಲ್ಲಿ 14 ಇಂಚಿಗಿಂತ ದೊಡ್ಡದು, ದಿನಕ್ಕೆ ಐದು. ಲೇಕ್ ಫೋರ್ಕ್‌ನಲ್ಲಿ ಬೇರೆ, 16ರಿಂದ 24 ಇಂಚಿನವರೆಗಿನದ್ದನ್ನು ಬಿಡಲೇಬೇಕು, ಅದಕ್ಕಿಂತ ಸಣ್ಣದು ಇಟ್ಟುಕೊಳ್ಳಬಹುದು. ಹೋಗುವ ಮುಂಚೆ ಆ ಕೆರೆಯ ಆ ವರ್ಷದ ನಿಯಮ ನೋಡಿಕೊಳ್ಳಿ. ಪೂರ್ವ ಟೆಕ್ಸಾಸಿನ ಕ್ಯಾಡೊ ಲೇಕ್‌ನಂಥ ಕೆಲವು ಕಡೆ ಬ್ಯಾಸ್‌ನಲ್ಲಿ ಪಾದರಸ ಇದೆ, ಮಿತವಾಗಿ ತಿನ್ನಿ ಅಂತ ಸರ್ಕಾರದ ಎಚ್ಚರಿಕೆಯೇ ಇದೆ. ಬಸುರಿಯರು, ಮಕ್ಕಳು ಇರುವ ಮನೆಯವರು ಇದನ್ನು ಓದಲೇಬೇಕು. ನಾನಾದರೆ ರವೆ ಫ್ರೈಗೆ ಕ್ಯಾಟ್‌ಫಿಶ್ ಇಟ್ಟುಕೊಂಡು ಬ್ಯಾಸನ್ನು ಬಿಡುತ್ತೇನೆ. 1972ರಲ್ಲಿ ಬ್ಯಾಸ್ ಟೂರ್ನಮೆಂಟ್ ನಡೆಸುತ್ತಿದ್ದ ರೇ ಸ್ಕಾಟ್ ಅನ್ನುವವರು ಅವುಗಳಲ್ಲಿ ಹಿಡಿದು ಬಿಡುವ ಪದ್ಧತಿ ತಂದ ಮೇಲೆಯೇ ಬೋಟುಗಳಲ್ಲಿ ಹಿಡಿದ ಮೀನನ್ನು ಜೀವಂತ ಇಡುವ, ಗಾಳಿಯಾಡುವ ಲೈವ್‌ವೆಲ್ ತೊಟ್ಟಿ ಮಾಮೂಲಾದದ್ದು. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣ ಕೈ ಮೀನಿನ ಲೋಳೆ ಕಿತ್ತುಹಾಕುತ್ತದೆ. ದೊಡ್ಡ ಮೀನನ್ನು ಬರೀ ದವಡೆಯಲ್ಲಿ ಅಡ್ಡಕ್ಕೆ ಎತ್ತಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು, ‘ಬೋಟೂ ಬೇಡ, ಸಾಲವೂ ಬೇಡ, ಎಂಟು ವರ್ಷದ ಮಗನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?’ ಟೆಕ್ಸಾಸ್ ಸ್ಟೇಟ್ ಪಾರ್ಕ್‌ಗಳ ಒಳಗೆ ದಡದಿಂದ ಮೀನು ಹಿಡಿಯಲು ದೊಡ್ಡವರಿಗೂ ಲೈಸೆನ್ಸ್ ಬೇಡ. ಬೇರೆ ಕಡೆ 17 ತುಂಬಿದವರಿಗೆ ಬೇಕು. ರೇ ರಾಬರ್ಟ್ಸ್ ಲೇಕ್ ಪಾರ್ಕ್‌ಗೆ ಬೆಳಗ್ಗೆ ಹೋಗಿ. ಅವನಿಗೆ ಬ್ಯಾಸ್ ಬೇಡ ಈಗಲೇ. ಸಣ್ಣ ಹುಕ್ಕಿಗೆ ಎರೆಹುಳದ ಒಂದು ತುಂಡು, ಮೇಲೆ ಒಂದು ಬೆಂಡು, ಎರಡಡಿ ಆಳ, ಡಾಕ್‌ನ ಪಕ್ಕ. ಬ್ಲೂಗಿಲ್ ಮೀನು ಒಂದರ ಹಿಂದೆ ಒಂದು ಬರುತ್ತದೆ. ಹುಕ್ಕಿನ ಮೊನೆಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದಲೂ ಸುಲಭಕ್ಕೆ ಬರುತ್ತದೆ, ಅಕಸ್ಮಾತ್ ಅವನ ಬೆರಳಿಗೆ ಹೊಕ್ಕರೆ ಅಲ್ಲಿಂದಲೂ.